ತೋಳು ಹಾಗೆ ಕಳಚಿ ಬೀಳುವುದಿಲ್ಲ

ಮಾನ್ಯರೇ,

ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೊ 2012ರಲ್ಲಿ ತೆರೆಗೆ ತಂದ ‘ದಿ ಪೈರೇಟ್ಸ್! ಬ್ಯಾಂಡ್ ಆಫ್ ಮಿಸ್‌ಫಿಟ್ಸ್’ ಮನೆಮಂದಿಯೆಲ್ಲ ಕೂತು ನೋಡಬಹುದಾದ ಕಡಲ್ಗಳ್ಳರ ಚಿತ್ರ. ಬೊಂಬೆಗಳನ್ನು ತುಸುತುಸುವೇ ಸರಿಸಿ, ಒಂದೊಂದೇ ಫ್ರೇಮ್ ಸೆರೆಹಿಡಿದು ಮಾಡಿದ್ದು. ಆಸ್ಕರ್‌ಗೂ ನಾಮನಿರ್ದೇಶನಗೊಂಡಿತ್ತು. ರಜೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸುವವರಿಗೆ ಒಂದು ದೃಶ್ಯದ ಬಗ್ಗೆ ಹೇಳಬೇಕಿದೆ.

ಕಳ್ಳರ ನಾಯಕ ಚಿನ್ನಕ್ಕಾಗಿ ಒಂದು ಹಡಗಿಗೆ ನುಗ್ಗುತ್ತಾನೆ. ಇದು ಕುಷ್ಠರೋಗಿಗಳ ಹಡಗು, ಇಲ್ಲಿ ಚಿನ್ನವಿಲ್ಲ ಎನ್ನುತ್ತಾನೆ ಅಲ್ಲಿದ್ದವನು. ಅಷ್ಟರಲ್ಲಿ ಅವನ ತೋಳೇ ಕಳಚಿ ಬೀಳುತ್ತದೆ. ಟ್ರೇಲರ್‌ನಲ್ಲಿ ಇದನ್ನು ಕಂಡು, ಕುಷ್ಠರೋಗಿಗಳಿಗಾಗಿ ಭಾರತದಲ್ಲೂ ಕೆಲಸ ಮಾಡುವ ಲೆಪ್ರಾ ಸಂಸ್ಥೆ 2012ರ ಜನವರಿಯಲ್ಲಿ ಆಕ್ಷೇಪಿಸಿತು. ಸ್ಟುಡಿಯೊ ಒಪ್ಪಿ, ಮಾತನ್ನು ‘ಪ್ಲೇಗ್ ಹಡಗು’ ಎಂದು ಬದಲಿಸಿತು. ಮಕ್ಕಳ ತಮಾಷೆಗೆ ಇಷ್ಟು ಗಲಾಟೆ ಯಾಕೆ ಎಂದವರೂ ಇದ್ದರು. ಆ ಗಲಾಟೆ ಬೇಕಿತ್ತು ಎಂದೇ ನಮ್ಮ ಅಭಿಪ್ರಾಯ.

ಕುಷ್ಠರೋಗದಲ್ಲಿ ಕೈಕಾಲು ಕಳಚುವುದಿಲ್ಲ. ರೋಗಾಣು ಚರ್ಮಕ್ಕೆ ಹತ್ತಿರದ ನರಗಳಲ್ಲಿ ಸೇರಿಕೊಳ್ಳುತ್ತದೆ: ಮೊಣಕೈ ಹಿಂದಿನ ನರ, ಮೊಣಕಾಲಿನ ಹೊರಬದಿಯ ನರ. ಅವು ಕೆಟ್ಟಾಗ ಬಿಸಿ, ಸ್ಪರ್ಶ, ನೋವಿನ ಅರಿವು ಹೋಗುತ್ತದೆ. ಆಮೇಲೆ ಬಿಸಿ ಪಾತ್ರೆ ಹಿಡಿದರೂ ಸುಟ್ಟದ್ದು ತಿಳಿಯದು, ಮೊಳೆ ಚುಚ್ಚಿದ ಕಾಲಿನಲ್ಲೇ ದಿನವಿಡೀ ಹೊಲದಲ್ಲಿ ಓಡಾಡುತ್ತಾರೆ. ಹುಣ್ಣು ಕೀವಾಗಿ ಮೂಳೆಗಿಳಿದರೆ ಬೆರಳು ಸವೆದು ಮೊಟಕಾಗುತ್ತದೆ. ಇದಕ್ಕೆಲ್ಲ ವರ್ಷಗಳೇ ಬೇಕು, ಮತ್ತು ಪ್ರತಿ ಹಂತದಲ್ಲೂ ತಡೆಯಬಹುದು.

ಆದರೆ ತಡೆಯಲು ಜನ ಆಸ್ಪತ್ರೆಗೆ ಬರಬೇಕಲ್ಲ. ಅವರನ್ನು ಬಾಗಿಲಲ್ಲೇ ನಿಲ್ಲಿಸುವುದು ಇಂಥ ಚಿತ್ರಗಳೇ. ತಿಳಿಬಣ್ಣದ ಅಥವಾ ಕೆಂಪಾದ ಮಚ್ಚೆ ಕಂಡರೂ ಅಂಗಿಯಡಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ. ಪರೀಕ್ಷೆ ಸರಳ. ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ಮೊನೆಯನ್ನು ಮೆಲ್ಲಗೆ ಮಚ್ಚೆಯ ಮೇಲೊಮ್ಮೆ, ಚೆನ್ನಾಗಿರುವ ಚರ್ಮದ ಮೇಲೊಮ್ಮೆ ತಾಗಿಸಿ, ತಾಗಿದ ಜಾಗವನ್ನು ಬೆರಳಲ್ಲಿ ತೋರಿಸಲು ಹೇಳಬೇಕು. ಮಚ್ಚೆಯ ಮೇಲಿನದು ಗೊತ್ತಾಗದಿದ್ದರೆ ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಗೊತ್ತಾದರೂ ಒಮ್ಮೆ ತೋರಿಸುವುದು ಒಳ್ಳೆಯದು, ಎಲ್ಲ ಮಚ್ಚೆಗಳಲ್ಲೂ ಅರಿವು ಪೂರ್ತಿ ಹೋಗಿರುವುದಿಲ್ಲ. (ಹಾಲುಬಿಳುಪಿನ ತೊನ್ನು ಬೇರೆಯೇ, ಅದಕ್ಕೂ ಕುಷ್ಠಕ್ಕೂ ಸಂಬಂಧವಿಲ್ಲ.) ಬಹುಔಷಧ ಚಿಕಿತ್ಸೆ 6 ಅಥವಾ 12 ತಿಂಗಳು, ಮಾತ್ರೆ ಉಚಿತ. ಶುರು ಮಾಡಿದ ಸ್ವಲ್ಪ ದಿನಕ್ಕೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಮನೆಯಿಂದ ದೂರವಿಡಬೇಕಿಲ್ಲ.

ಅರಿವು ಹೋದ ಪಾದವಿದ್ದವರು ದಿನಾ ತಣ್ಣೀರಿನಲ್ಲಿ ಸುಮಾರು 20 ನಿಮಿಷ ಕಾಲು ನೆನೆಸಿ, ದಡ್ಡುಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಹಗುರವಾಗಿ ಉಜ್ಜಿ, ಒದ್ದೆಯಿರುವಾಗಲೇ ಎಣ್ಣೆ ಸವರಬೇಕು. ಗಾಯವಿದ್ದರೆ ಉಜ್ಜಬಾರದು. ಬರಿಗಾಲು ಬೇಡ, ಎಂಸಿಆರ್ (ಸೂಕ್ಷ್ಮರಂಧ್ರಗಳ ಮೆತ್ತನೆಯ ರಬ್ಬರ್) ಚಪ್ಪಲಿಯೇ ಬೇಕು.

ಚಿತ್ರದಲ್ಲಿ ಮಾತು ಬದಲಾಗಿದೆ, ತೋಳು ಮಾತ್ರ ಈಗಲೂ ಬೀಳುತ್ತದೆ. ಪ್ಲೇಗಿನಲ್ಲೂ ತೋಳು ಹಾಗೆ ಕಳಚುವುದಿಲ್ಲ. ಹಾಗಾಗಿ ಕನ್ನಡಕ್ಕೆ ಡಬ್ಬಿಂಗ್ ಸಂಭಾಷಣೆ, ಸಬ್‌ಟೈಟಲ್ ಬರೆಯುವವರಲ್ಲಿ ಒಂದು ಕೋರಿಕೆ: ಇಂಥ ದೃಶ್ಯ ಎದುರಾದಾಗ ನಗುವಿಗಾಗಿ ‘ಕುಷ್ಠ’ ಎಂಬ ಪದವನ್ನು ಮತ್ತೆ ಒಳಗೆ ತರಬೇಡಿ. ಶಾಲಾ ವಾರ್ಷಿಕೋತ್ಸವದ ಪ್ರಹಸನಗಳಲ್ಲಿ ಕೈಗೆ ಬಟ್ಟೆ ಸುತ್ತಿ ಕುಷ್ಠರೋಗಿಯ ವೇಷ ಹಾಕಿಸುವ ಶಿಕ್ಷಕರಿಗೂ ಇದೇ ಮಾತು.

— ಕುಷ್ಠರೋಗ ಪತ್ತೆ ಕಾರ್ಯದಲ್ಲಿರುವ ಆರೋಗ್ಯ ಕಾರ್ಯಕರ್ತರು, ರಾಯಚೂರು