ಹೆಸರು ಬೇಡವೆಂದ ಗ್ರಂಥಾಲಯದ ಆ ಸಿಬ್ಬಂದಿಗೆ

ಕನ್ನಂಬಾಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬವೊಂದರ ಕಾದಂಬರಿಯನ್ನು ಈ ವರ್ಷ ಮುಗಿಸಬೇಕೆಂದು ಸಂಕಲ್ಪಿಸಿದ್ದೆ. ಅದರ ಮೊದಲ ಭಾಗವೂ ಪೂರ್ಣಗೊಂಡಿಲ್ಲ. ಜೊತೆಗೆ ಯೋಜಿಸಿದ್ದ ಕಥಾಸಂಕಲನ ಆರಂಭವೇ ಆಗಲಿಲ್ಲ. ಆದರೂ ಈ ವರ್ಷವನ್ನು ವ್ಯರ್ಥವೆನ್ನಲು ಮನಸ್ಸು ಬಾರದಂತೆ ಮಾಡಿದ, ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಕೇಳಿಕೊಂಡಿರುವ ಗ್ರಂಥಾಲಯದ ಸಿಬ್ಬಂದಿಯೊಬ್ಬರಿಗೆ ನನ್ನ ಕೃತಜ್ಞತೆಯನ್ನು ಬಹಿರಂಗವಾಗಿ ಸಲ್ಲಿಸುತ್ತೇನೆ.

ಬರವಣಿಗೆ ನಿಂತುಹೋಗಿದ್ದ ದಿನಗಳಲ್ಲಿ ಅವರು, ನಾನು ಕೇಳದಿದ್ದರೂ, ಮೈಸೂರು ಸಂಸ್ಥಾನದ ಹಳೆಯ ಆಡಳಿತ ವರದಿಗಳನ್ನು ಹುಡುಕಿ, ಧೂಳು ಒರೆಸಿ ಮೇಜಿನ ಮೇಲಿಡುತ್ತಿದ್ದರು. 1911ರಲ್ಲಿ ಆರಂಭವಾಗಿ ಸುಮಾರು ಎರಡು ದಶಕ ನಡೆದ ಕಾಮಗಾರಿ, ಸಿಮೆಂಟಿನ ಬದಲು ಬಳಸಿದ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ, ಮುಳುಗಡೆಯಾದ ವೇಣುಗೋಪಾಲಸ್ವಾಮಿ ದೇವಸ್ಥಾನ, ಇವೆಲ್ಲ ಅದುವರೆಗೆ ನನ್ನ ಕಥೆಗೆ ಹಿನ್ನೆಲೆಯಷ್ಟೇ ಆಗಿದ್ದವು. "ಊರು ಬಿಟ್ಟವರ ಕಥೆ ಬರೆಯುತ್ತಿದ್ದೀರಿ ಸಾರ್, ಕಟ್ಟಲು ಬಂದವರು ಎಲ್ಲಿ ಮಲಗುತ್ತಿದ್ದರು?" ಎಂದು ಅವರು ಒಮ್ಮೆ ಸಹಜವಾಗಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿದ ಮೇಲೆ ಬರೆದಿದ್ದ ಅಧ್ಯಾಯಗಳನ್ನು ಬದಿಗಿಟ್ಟೆ. ಈಗ ಕಥೆ ಹೇಳುತ್ತಿರುವವಳು ಗಾರೆ ಹೊರುವ ಹೆಂಗಸು. (ಪ್ರಕಾಶಕರಿಗೆ ಇದನ್ನು ಇನ್ನೂ ತಿಳಿಸಿಲ್ಲ.) ಪುಟಗಳ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದೇನೆ, ಆದರೆ ಕಾದಂಬರಿ ಯಾರದೆಂಬುದು ಈ ವರ್ಷವೇ ನನಗೆ ಸ್ಪಷ್ಟವಾಗಿದೆ.

ನನ್ನ ಟಿಪ್ಪಣಿಗಳ ಒಂದು ನಕಲನ್ನು ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಹೊಸ ಮೊದಲ ಅಧ್ಯಾಯವನ್ನು ಎಲ್ಲರಿಗಿಂತ ಮೊದಲು ಅವರು ಓದಬೇಕೆಂದು ವಿನಂತಿಸುತ್ತೇನೆ.