ಪೈಪಿನಲ್ಲಿ ಎಂತ ಉಂಟು ಅಂತ ಕೇಳಿಡು, ಅಣ್ಣ

ಪ್ರೀತಿಯ ಅಣ್ಣ,

ವಾಟ್ಸಾಪಿನಲ್ಲಿ ಹಾಕಿದರೆ ನೀನು ಹೆಬ್ಬೆರಳು ತೋರಿಸಿ ಮುಗಿಸುತ್ತಿ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ತೋಟದ ಕೆಳಬದಿಯಲ್ಲಿ ಜೆಸಿಬಿಯಿಂದ ಕಣಿ ತೆಗೆಸುತ್ತೇನೆ ಅಂದೆಯಲ್ಲ, ಗ್ಯಾಸ್ ಲೈನಿನ ಕಂಬ ಇರುವುದೂ ಅಲ್ಲೇ. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರ್ ಲೈನು, 2021ರ ಜನವರಿಯಲ್ಲಿ ಉದ್ಘಾಟನೆ ಆಯಿತಲ್ಲ, ಅದೇ. ಕಂಬದಲ್ಲಿರುವ ನಂಬರಿಗೆ ಮೊದಲು ಫೋನ್ ಮಾಡು, ಅವರು ಬಂದು ಗುರುತು ಹಾಕಲಿ, ಆಮೇಲೆ ಅಗೆಸು. ಇಲ್ಲಿ ಅಮೆರಿಕದಲ್ಲಿ ಅಂಗಳದಲ್ಲಿ ಗಿಡ ನೆಡುವುದಿದ್ದರೂ 811ಕ್ಕೆ ಫೋನ್ ಮಾಡಬೇಕು. ಪುಕ್ಕಟೆ. ಗ್ಯಾಸಿಗೆ ಹಳದಿ, ನೀರಿಗೆ ನೀಲಿ ಅಂತ ನೆಲಕ್ಕೆ ಬಣ್ಣ ಹೊಡೆದು ಹೋಗುತ್ತಾರೆ.

ಮೊನ್ನೆ ಇಲ್ಲಿ ಊರವರ ಸಭೆ ಇತ್ತು. ಕಾರ್ಖಾನೆಯ ಕಾರ್ಬನ್ ಡೈಆಕ್ಸೈಡ್ ಹಿಡಿದು, ಪೈಪಿನಲ್ಲಿ ಸಾಗಿಸಿ, ನೆಲದಡಿ ತುಂಬುತ್ತೇವೆ ಅಂತ ಕಂಪನಿಯವರು ಚಂದ ಚಂದದ ಚಿತ್ರ ತೋರಿಸಿದರು. ಹಿಂದೆ ಕೂತಿದ್ದ ಒಬ್ಬರು ಅಜ್ಜಿ ಎದ್ದು, "ಲೀಕ್ ಆದರೆ ನನಗೆ ಗೊತ್ತಾಗುವುದು ಹೇಗೆ?" ಅಂದರು. ಮೈಕ್ ಮೂರು ಕೈ ದಾಟಿತು ಮಾರಾಯ, ಸರಿಯಾದ ಉತ್ತರ ಬರಲಿಲ್ಲ.

ಅಜ್ಜಿಯ ಹೆದರಿಕೆ ಸುಮ್ನೆ ಅಲ್ಲ. 2020ರ ಫೆಬ್ರವರಿಯಲ್ಲಿ ಮಿಸಿಸಿಪ್ಪಿಯ ಸಟಾರ್ಷಿಯಾ ಅನ್ನುವ ಸಣ್ಣ ಊರಿನ ಹತ್ತಿರ, ಜೋರು ಮಳೆಯ ನಂತರ ಗುಡ್ಡ ಜರಿದು ಇಂಥದೇ ಪೈಪ್ ತುಂಡಾಯಿತು. ಆ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಆಮ್ಲಜನಕ ಸಿಗದೆ ಕಾರುಗಳು ದಾರಿಯಲ್ಲೇ ಬಂದ್ ಬಿದ್ದವು, 45 ಜನ ಆಸ್ಪತ್ರೆಗೆ ಹೋದರು. ಸಹಾಯಕ್ಕೆ ಓಡಿದವರಿಗೇ ಮೊದಲಿಗೆ ಅದು ಎಂಥ ಗ್ಯಾಸ್ ಅಂತ ಗೊತ್ತಿರಲಿಲ್ಲವಂತೆ. ಮಳೆಗೆ ಗುಡ್ಡ ಜರಿಯುವುದು ನಮ್ಮ ಕಡೆಗೆ ಹೊಸತಲ್ಲ, ಅಲ್ವಾ?

ನಮ್ಮ ಲೈನಿನಲ್ಲಿರುವುದು ಮೀಥೇನ್. ದೊಡ್ಡ ಲೈನುಗಳ ಗ್ಯಾಸಿಗೆ ಎಷ್ಟೋ ಕಡೆ ವಾಸನೆ ಬೆರೆಸಿರುವುದಿಲ್ಲ, ಹಾಗಾಗಿ ಮೂಗು ನಂಬಿ ಕೂರಬೇಡ. ಬುಸ್ ಅನ್ನುವ ಸದ್ದು, ನಿಂತ ನೀರಿನಲ್ಲಿ ಗುಳ್ಳೆ, ಹಸಿರು ಹುಲ್ಲಿನ ನಡುವೆ ಒಣಗಿದ ಪಟ್ಟಿ ಕಂಡರೆ ದೂರ ಬಂದು ಫೋನ್ ಮಾಡು. ಸೋರಿದ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟಿನಷ್ಟು ಜಾಸ್ತಿ ಬಿಸಿ ಹಿಡಿಯುತ್ತದೆ, ಸೋರಿಕೆ ನಿಲ್ಲಿಸಿದರೆ ತೋಟಕ್ಕೂ ಒಳ್ಳೆಯದು, ಹವಾಮಾನಕ್ಕೂ.

ಈಗ ಎಲ್ಲ ಕಡೆ ಹೈಡ್ರೋಜನ್ ಮಾತು, ಉರಿಸಿದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ ಅಂತ. ಗ್ಯಾಸಿಗೆ 20% ಹೈಡ್ರೋಜನ್ ಬೆರೆಸಿದರೂ ಕಾರ್ಬನ್ ಕಡಿಮೆಯಾಗುವುದು ಸುಮಾರು 7% ಮಾತ್ರ, ಯಾಕೆಂದರೆ ಅಷ್ಟೇ ಜಾಗ ಹಿಡಿಯುವ ಮೀಥೇನಿನ ಮೂರನೇ ಒಂದು ಭಾಗದಷ್ಟೇ ಶಕ್ತಿ ಹೈಡ್ರೋಜನಿನಲ್ಲಿರುವುದು. ಕೆಲವು ಉಕ್ಕನ್ನು ಅದು ಪೆಡಸು ಮಾಡಿ ಬಿರುಕು ಬಿಡಿಸುತ್ತದೆ ಕೂಡ. ಬೇಡ ಅನ್ನುತ್ತಿಲ್ಲ ನಾನು. ಆದರೆ ನಾಳೆ ನಮ್ಮ ಊರಿಗೂ ಅದು ಬರುತ್ತದೆ ಅಂದರೆ ಹಳೇ ಪೈಪ್ ತಡೆಯುತ್ತದಾ, ಯಾರು ಪರೀಕ್ಷೆ ಮಾಡಿದ್ದು ಅಂತ ಗ್ರಾಮಸಭೆಯಲ್ಲಿ ನೀನೇ ಎದ್ದು ಕೇಳಬೇಕು. ಪೈಪ್ ಹೂತ ಮೇಲೆ ಕೇಳಿ ಎಂತ ಪ್ರಯೋಜನ?

ಅಮ್ಮನಿಗೊಂದು ಮಾತು. ಸಿಲಿಂಡರ್ ಗ್ಯಾಸ್ ಸೋರಿದರೆ ನೆಲದ ಹತ್ತಿರ ನಿಲ್ಲುತ್ತದೆ, ಪೈಪ್ ಗ್ಯಾಸ್ ಮೇಲೆ ಹೋಗುತ್ತದೆ. ಅಡುಗೆಮನೆಗೆ ಪೈಪ್ ಗ್ಯಾಸ್ ಹಾಕಿಸುವುದಾದರೆ, ಜಿರಳೆ ಬರುತ್ತದೆ ಅಂತ ಅವರು ರಟ್ಟು ಹೊಡೆದು ಮುಚ್ಚಿದ ಮೇಲಿನ ವೆಂಟಿಲೇಟರ್ ತೆಗೆಸು. ಬೇಕಾದರೆ ಬಲೆ ಹಾಕಿಸಿಕೊಡು.

ನಿನ್ನ ತಮ್ಮ