ಸೈನಿಕರ ಕಾಗದಗಳಿಗೆ ಲ್ಯಾಮಿನೇಷನ್ ಬೇಡ

ಮಾನ್ಯ ಸಂಪಾದಕರೇ,

ವಿಜಯ ದಿವಸ, ಕಾರ್ಗಿಲ್ ದಿನ ಬಂತೆಂದರೆ ಸೈನಿಕರು ರಣರಂಗದಿಂದ ಹೆಂಡತಿಗೆ ಬರೆದ ಕಾಗದಗಳು ಟ್ರಂಕಿನಿಂದ ಹೊರಬರುತ್ತವೆ. ಬೆಳಗಾವಿ ಜಿಲ್ಲೆಯಲ್ಲಂತೂ ಫೌಜಿ ಮನೆತನಗಳಿಗೆ ಬರವಿಲ್ಲ. ಪ್ರದರ್ಶನಕ್ಕಿಡುವುದು ಒಳ್ಳೆಯದೇ, ಆದರೆ ಅದಕ್ಕೆಂದು ಲ್ಯಾಮಿನೇಷನ್ ಮಾಡಿಸುವುದು ನಿಲ್ಲಬೇಕು. ಬಿಸಿ ರೋಲರಿನಡಿ ಕರಗಿದ ಅಂಟು ಕಾಗದದ ನಾರಿಗೆ ಇಳಿದರೆ ಮತ್ತೆ ಬಿಡಿಸಲಾಗದು. ಸೆಲೋಟೇಪ್ ಕೂಡ ಅಷ್ಟೇ, ಕೆಲವು ವರ್ಷಕ್ಕೆ ಪಟ್ಟಿ ಉದುರಿ ಅದರ ಹಳದಿ ಅಂಟು ಅಕ್ಷರದ ಮೇಲೆ ಉಳಿಯುತ್ತದೆ.

ಎರಡನೇ ಮಹಾಯುದ್ಧದ ಕಾಗದಗಳಲ್ಲಿ ಕಾಪಿಯಿಂಗ್ ಪೆನ್ಸಿಲಿನಿಂದ ಬರೆದವು ಸಿಗುತ್ತವೆ. ನೋಡಲು ಸಾದಾ ಪೆನ್ಸಿಲ್ ಗೆರೆ. ಒದ್ದೆ ಬಟ್ಟೆ ತಾಕಿತೋ, ನೇರಳೆ ಬಣ್ಣ ಬಿಟ್ಟು ಪುಟವೆಲ್ಲ ಹರಡುತ್ತದೆ. ಹಾಗಾಗಿ ಒಣಗಿದ ಮೆತ್ತನೆ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಧೂಳು ಸರಿಸಿದರೆ ಸಾಕು. ಮಡಿಕೆಗೆ ಇಸ್ತ್ರಿ ಬೇಡ. ಬಿಡಿಸಿ, ಹತ್ತಿಯ ಕೈಕಾಗದದ ಎರಡು ಹಾಳೆಗಳ ನಡುವೆ ಇಟ್ಟು ಮೇಲೊಂದು ಪುಸ್ತಕ ಹೇರಿ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್‌ಗಳನ್ನು ಎಳೆಯದೆ ಬಗ್ಗಿಸಿ ತೆಗೆಯಿರಿ.

ಡಾಂಬರ ಗುಳಿಗೆ ಹುಳಕ್ಕೆ ಆದೀತು, ಬೂಸಲಿಗೆ ಆಗದು. ಹಸಿ ಬೇವಿನ ಎಲೆ ಹಾಕಿದರೆ ನೀವೇ ತೇವ ತುಂಬಿದಂತೆ. ಖಾನಾಪುರ, ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಸಲು ಹಿಡಿಯುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಗೋಡೆಗೆ ತಾಗದಂತೆ ಇಡಬೇಕು. ವಿಜಯಪುರದವರಿಗೆ ಬಿಸಿಲು, ಧೂಳಿನದೇ ಕಾಟ.

ಅಂಚೆಚೀಟಿ ಆಸೆಗೆ ಲಕೋಟೆ ಕತ್ತರಿಸುವುದು ಇದಕ್ಕಿಂತ ದೊಡ್ಡ ಹಾನಿ. ಎಲ್ಲಿಂದ ಬರೆಯುತ್ತಿದ್ದೇನೆಂದು ಸೈನಿಕ ಕಾಗದದಲ್ಲಿ ಹೇಳುವಂತಿರಲಿಲ್ಲ. ‘56 ಎ.ಪಿ.ಓ.’ ಎಂಬ ಸೇನಾ ಅಂಚೆಯ ವಿಳಾಸದಿಂದಲೂ ಜಾಗ ತಿಳಿಯದು. ಮುದ್ರೆಯಲ್ಲಿನ ಫೀಲ್ಡ್ ಪೋಸ್ಟ್ ಆಫೀಸಿನ (ಸೇನೆಯ ಜೊತೆ ಸಾಗುವ ಅಂಚೆ ಕಚೇರಿಯ) ಸಂಖ್ಯೆ, ತಾರೀಖು ಇದ್ದರಷ್ಟೇ ಪಲ್ಟನ್ ಆಗ ಎಲ್ಲಿತ್ತೆಂದು ದಾಖಲೆಗಳಲ್ಲಿ ಹುಡುಕಬಹುದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ತಾರೀಖು ಬರೆಯದೆ ಹಬ್ಬ ನೆನೆದಿದ್ದರೆ ಆ ವರ್ಷದ ಪಂಚಾಂಗ ನೋಡಿ: 1971ರಲ್ಲಿ ಎಳ್ಳ ಅಮಾವಾಸ್ಯೆ ಬಿದ್ದದ್ದು ಡಿಸೆಂಬರ್ 17ಕ್ಕೆ, ಢಾಕಾದಲ್ಲಿ ಪಾಕ್ ಸೇನೆ ಶರಣಾದ ಮರುದಿನ. ಇನ್ನು ಹಳೆಯ ಕಾಗದದಲ್ಲಿ ಒಂದು ಸಾಲು ನೆಟ್ಟಗೆ ಕತ್ತರಿಸಿ ತೂತಾಗಿದ್ದರೆ ಹುಳದ ಕೆಲಸವೆಂದು ತೇಪೆ ಹಚ್ಚಬೇಡಿ, ಅದು ಸೆನ್ಸಾರ್ ಕತ್ತರಿ. ಹುಳ ತಿಂದ ಅಂಚು ಡೊಂಕಾಗಿರುತ್ತದೆ.

ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇರುವುದರಿಂದ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯ ಕಾಗದಗಳೂ ಸಿಕ್ಕಾವು. ಓದಲು ಬರದೆಂದು ರದ್ದಿಗೆ ಹಾಕಬೇಡಿ.

ಮುಟ್ಟುವ ಮುನ್ನವೇ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಇನ್‌ಲ್ಯಾಂಡ್ ಲೆಟರಿನ ಖಾಲಿ ಮಡಿಕೆಯನ್ನೂ ಬಿಡಬೇಡಿ, ಊರ ಟಪಾಲು ಮುದ್ರೆ ಅಲ್ಲೇ ಇರಬಹುದು. ಸ್ಕ್ಯಾನ್ ಆದರೆ 400 ಡಿಪಿಐ. ಪ್ರದರ್ಶನಕ್ಕೆ ಕಲರ್ ಝೆರಾಕ್ಸ್ ಇಡಿ, ಮೂಲ ಪ್ರತಿ ಮನೆಯಲ್ಲಿರಲಿ. ‘ಚಿ. ಸೌ.’ ಎಂದು ಶುರುವಾಗುವ ಕಾಗದ ಒಬ್ಬಾಕೆಗೆಂದೇ ಬರೆದದ್ದು. ಆ ತಾಯಿ ಇದ್ದರೆ ಮೊದಲು ಅವರನ್ನು ಕೇಳಿ. ಬೇಡವೆಂದ ಸಾಲನ್ನು ಝೆರಾಕ್ಸಿನಲ್ಲಿ ಮುಚ್ಚಿ. ಮೂಲದ ಮೇಲೆ ಪೆನ್ನು ಓಡಿಸಬೇಡಿ.

– ಓದುಗರು, ಬೆಳಗಾವಿ